ಅಪ್‌ಡೇಟ್: ನಮ್ಮ ಟ್ರಸ್ಟ್‌ನಿಂದ ಗ್ರಂಥಾಲಯಕ್ಕೆ ದೇಣಿಗೆ

ಅಪ್ಪನ ನೆನಪಿನಲ್ಲಿ ನಡೆಸುವ ನಮ್ಮ ಚಿಕ್ಕ ಟ್ರಸ್ಟ್‌ನಿಂದ, ಹಳ್ಳಿಯ ಮಕ್ಕಳಿಗಾಗಿ ಗ್ರಂಥಾಲಯ ನಡೆಸುತ್ತಿರುವ ಇನ್ನೊಂದು ಟ್ರಸ್ಟ್‌ಗೆ ಹಣ ಕೊಡಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೊಟ್ಟೆವು, ಆದರೆ ಅಂದುಕೊಂಡ ರೀತಿಯಲ್ಲಿ ಅಲ್ಲ.

ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ ಶೇ 85ರಷ್ಟನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಬೇಕು ಎಂಬುದು ಗೊತ್ತಿತ್ತು. ಲೆಕ್ಕಪರಿಶೋಧಕರು ಹೇಳಿದ ಮೇಲೆಯೇ ಉಳಿದದ್ದು ತಿಳಿದದ್ದು: 2023ರ ಏಪ್ರಿಲ್ 1ರಿಂದ, ನಮ್ಮಂತೆಯೇ ನೋಂದಣಿಯಾದ ಟ್ರಸ್ಟ್‌ಗೆ 1 ಲಕ್ಷ ರೂಪಾಯಿ ಕೊಟ್ಟರೆ 85 ಸಾವಿರ ಮಾತ್ರ ವಿನಿಯೋಗವೆಂದು ಲೆಕ್ಕಕ್ಕೆ ಬರುತ್ತದೆ. ಮೂಲನಿಧಿಗೆಂದು, ಅಂದರೆ ಖರ್ಚು ಮಾಡದೆ ಉಳಿಸಿಕೊಳ್ಳುವ ನಿಧಿಗೆಂದು, ಕೊಟ್ಟರೆ ಅದೂ ಇಲ್ಲ. ನಾವು ಮೂಲನಿಧಿಗೇ ಕೊಡಲು ಹೊರಟಿದ್ದೆವು!

ಹಾಗಾಗಿ ದೇಣಿಗೆಯ ಪತ್ರವನ್ನು ತಿದ್ದಿ ಬರೆದೆವು. ಹಣ ಪುಸ್ತಕಗಳಿಗೆ ಮತ್ತು ಗ್ರಂಥಪಾಲಕಿಯ ಒಂದು ವರ್ಷದ ಸಂಬಳಕ್ಕೆ. ಸಂಬಳಕ್ಕೇಕೆ ಎಂದು ಅಣ್ಣ ಆಕ್ಷೇಪಿಸಿದ; ಕಪಾಟು ಕೊಟ್ಟರೆ ಅಪ್ಪನ ಹೆಸರು ಬರೆಸಬಹುದಲ್ಲ ಎಂದ. ಅವನನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಆಕೆ ಬೆನ್ನು ಹರಿದ ಪುಸ್ತಕಕ್ಕೆ ಮೈದಾ ಅಂಟು ಹಚ್ಚುತ್ತಾ ಕುಳಿತಿದ್ದರು. ಪಕ್ಕದ ರಿಜಿಸ್ಟರಿನಲ್ಲಿ ಅದೇ ಪುಸ್ತಕದ ಎದುರು ಒಬ್ಬಳೇ ಹುಡುಗಿಯ ಸಹಿ ಏಳು ಸಲ ಇತ್ತು. ಅಣ್ಣ ಮನೆಗೆ ಬಂದವನೇ ಚೆಕ್ಕಿಗೆ ಸಹಿ ಹಾಕಿದ.