ಟಿಆರ್‌ಎಸ್-80: ಟೇಪ್ ಓಡುತ್ತದೆ, ಪ್ರೋಗ್ರಾಂ ಶುರುವಾಗುವುದಿಲ್ಲ

ಪ್ರಶ್ನೆ: ಸರ್, ಹಳೇ ಟಿಆರ್‌ಎಸ್-80 ಮಾಡೆಲ್ 1 ಕಂಪ್ಯೂಟರ್ ಕೈಗೆ ಸಿಕ್ಕಿದೆ, ಕ್ಯಾಸೆಟ್ ರೆಕಾರ್ಡರಿನಿಂದ ಪ್ರೋಗ್ರಾಂ ಓದುವಂಥದ್ದು. ಒಳಗಿರುವ ಭಾಷೆ ಲೆವೆಲ್ 2 ಬೇಸಿಕ್, 16ಕೆ ಮೆಮೊರಿ. ಜೊತೆಗೆ ಎಡಿಟರ್-ಅಸೆಂಬ್ಲರ್ (ಅಸೆಂಬ್ಲಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಸಾಧನ) ಕ್ಯಾಸೆಟ್ ಕೂಡ ಬಂತು. ಸಿಲೋಡ್ (CLOAD) ಅಂತ ಹೊಡೆದು ಪ್ಲೇ ಒತ್ತಿದೆ. ಟೇಪ್ ಕೊನೆಯವರೆಗೂ ಓಡಿತು, ಪರದೆಯಲ್ಲಿ ಏನೂ ಇಲ್ಲ. ಬ್ರೇಕ್ ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಕ್ಯಾಸೆಟ್ ಹಾಳಾಗಿದೆಯಾ?

ಉತ್ತರ: ಪಾಪ, ಕ್ಯಾಸೆಟ್ ಮೇಲೆ ಈಗಲೇ ತಪ್ಪು ಹೊರಿಸಬೇಡಿ. ಸಿಲೋಡ್ ಇರುವುದು ಬೇಸಿಕ್ ಪ್ರೋಗ್ರಾಂಗಳಿಗೆ. ನಿಮ್ಮದು ಮೆಷಿನ್ ಭಾಷೆಯ, ಅಂದರೆ ಪ್ರೊಸೆಸರ್ ನೇರವಾಗಿ ನಡೆಸುವ ಸಂಕೇತಗಳ ಟೇಪು, ಅದರ ಆರಂಭದ ಗುರುತೇ ಬೇರೆ. ಸಿಲೋಡ್ ತನ್ನ ಗುರುತನ್ನು ಹುಡುಕುತ್ತಾ ಕೂತಿರುತ್ತದೆ, ಸಿಗುವುದೇ ಇಲ್ಲ. ಆ ಹೊತ್ತಿನಲ್ಲಿ ಬ್ರೇಕ್ ನಡೆಯುವುದಿಲ್ಲ. ಹಿಂಬದಿಯ ರೀಸೆಟ್ ಗುಂಡಿಯೇ ಗತಿ.

ಟೇಪನ್ನು ರಿವೈಂಡ್ ಮಾಡಿ. ಅದಕ್ಕೆ ಮೊದಲು ರೆಕಾರ್ಡರಿನ ರೆಮ್ (ರಿಮೋಟ್) ಪ್ಲಗ್ ಕೀಳಬೇಕು, ಮೋಟರಿನ ಲಗಾಮು ಕಂಪ್ಯೂಟರ್ ಕೈಯಲ್ಲಿದೆ ಅಲ್ವಾ? ಆಮೇಲೆ ಮರೆಯದೆ ಸಿಕ್ಕಿಸಿ. ಸಿಸ್ಟಮ್ (SYSTEM) ಅಂತ ಹೊಡೆದು ಎಂಟರ್ ಒತ್ತಿ. *? ಬರುತ್ತದೆ. ಅಲ್ಲಿ ಟೇಪಿನ ಹೆಸರು ಕೊಡಿ: ಇ-ಡಿ-ಟಿ-ಎ-ಎಸ್-ಎಂ (EDTASM), ಆರೇ ಅಕ್ಷರ. ಪ್ಲೇ ಒತ್ತಿಟ್ಟು ಎಂಟರ್. ಪರದೆಯ ಬಲ ಮೇಲ್ತುದಿಯಲ್ಲಿ ಎರಡು ನಕ್ಷತ್ರ (*) ಬಂದು, ಬಲಗಡೆಯದು ಮಿಟುಕುತ್ತಿದ್ದರೆ ಓದುತ್ತಿದೆ ಅಂತ. ಸೆಕೆಂಡಿಗೆ ಬರೀ 500 ಬಿಟ್. 1ಕೆ ತುಂಬಲು ಸುಮಾರು 16 ಸೆಕೆಂಡು. ಕಾಫಿ ತಂದುಕೊಳ್ಳಿ.

ಪ್ರಶ್ನೆ: ನಕ್ಷತ್ರ ಬಂತು ಸರ್! ಆದರೆ ಅರ್ಧಕ್ಕೆ ಒಂದು ನಕ್ಷತ್ರದ ಜಾಗದಲ್ಲಿ ‘ಸಿ’ ಅಕ್ಷರ ಕೂತಿದೆ.

ಉತ್ತರ: ಚೆಕ್‌ಸಮ್ ತಾಳೆಯಾಗಿಲ್ಲ, ಅಂದರೆ ಓದಿದ್ದು ಸರಿಯೇ ಅಂತ ನೋಡುವ ಮೊತ್ತದ ಲೆಕ್ಕ ಕೂಡಿಬಂದಿಲ್ಲ. ಮತ್ತೆ ಮೊದಲಿನಿಂದ ಲೋಡ್ ಮಾಡಬೇಕು. ಹತ್ತರಲ್ಲಿ ಒಂಬತ್ತು ಸಲ ಇದು ವಾಲ್ಯೂಮಿನ ತಕರಾರು. ಟೇಪಿನಲ್ಲಿ 2 ಮಿಲಿಸೆಕೆಂಡಿಗೊಂದು ತಾಳದ ಪಲ್ಸ್ ಇರುತ್ತದೆ. ಎರಡು ತಾಳದ ನಡುವೆ ಇನ್ನೊಂದು ಪಲ್ಸ್ ಇದ್ದರೆ 1, ಇಲ್ಲದಿದ್ದರೆ 0. ವಾಲ್ಯೂಮ್ ಜಾಸ್ತಿಯಾದರೆ ಗೊರಗೊರ ಸದ್ದೂ ಪಲ್ಸ್ ಅನಿಸಿಕೊಳ್ಳುತ್ತದೆ, 0 ಹೋಗಿ 1 ಆಗುತ್ತದೆ. ಕಮ್ಮಿಯಾದರೆ ಇದ್ದ ಪಲ್ಸೂ ಕಾಣುವುದಿಲ್ಲ. ಮಧ್ಯದಿಂದ ಶುರುಮಾಡಿ ಕೂದಲೆಳೆಯಷ್ಟು ತಿರುಗಿಸುತ್ತಾ ನೋಡಿ.

ಮೊದಲು ರೆಕಾರ್ಡರಿನಲ್ಲಿ ಟೇಪ್ ಓದುವ ಹೆಡ್ ಒರೆಸಿ. ಕಿವಿಗೆ ಹಾಕುವ ಹತ್ತಿ ಕಡ್ಡಿ, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಹಳೇ ಟೇಪುಗಳ ಪುಡಿ ಅದು. ರೆಕಾರ್ಡರಿನ ಇಯರ್ ಪ್ಲಗ್ ಕಿತ್ತು ಟೇಪನ್ನು ಸುಮ್ನೆ ಕೇಳಿ. ಸದ್ದು ಮಂಕಾಗಿದ್ದರೆ ಹೆಡ್ ಪಕ್ಕದ ಪುಟ್ಟ ಸ್ಕ್ರೂ ತುಸು ತಿರುಗಿಸಿ, ಚುರುಕಾದಲ್ಲಿ ನಿಲ್ಲಿಸಿ. ಸ್ಕ್ರೂ ಮೊದಲು ಎಲ್ಲಿತ್ತು ಅಂತ ಗುರುತು ಹಾಕಿಕೊಂಡೇ ಕೈ ಹಾಕಿ. ನಾನು ಒಮ್ಮೆ ಹಾಗೆ ಮಾಡದೆ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಇನ್ನೊಬ್ಬರು: ಇಷ್ಟೆಲ್ಲ ಪಾಡು ಯಾಕೆ? ಡಿಸ್ಕ್ ಇರಲಿಲ್ವಾ?

ಉತ್ತರ: 1977ರಲ್ಲಿ ಮಾನಿಟರ್, ರೆಕಾರ್ಡರ್ ಸೇರಿ 600 ಡಾಲರಿಗೆ ಕೊಟ್ಟ ಕಂಪ್ಯೂಟರ್ ಇದು. ಡಿಸ್ಕ್ ಬೇಕೆಂದರೆ ಡ್ರೈವ್ ಜೊತೆ ಎಕ್ಸ್‌ಪಾನ್ಷನ್ ಪೆಟ್ಟಿಗೆಯನ್ನೂ ಕೊಳ್ಳಬೇಕಿತ್ತು.

ಪ್ರಶ್ನೆ: ಈ ಸಲ ‘ಸಿ’ ಬರಲಿಲ್ಲ ಸರ್. ಆದರೆ ಟೇಪ್ ನಿಂತು ಮತ್ತೆ ಅದೇ *? ಬಂತು. ಲೋಡ್ ಆಗಲಿಲ್ವಾ?

ಉತ್ತರ: ಆಗಿದೆ! ಇಲ್ಲಿ ಲೋಡ್ ಆಗುವುದೇ ಬೇರೆ, ಶುರುವಾಗುವುದೇ ಬೇರೆ. ಪ್ರೋಗ್ರಾಂ ಮೆಮೊರಿಯಲ್ಲಿ ಕೂತಿದೆ, ನಿಮ್ಮ ಅಪ್ಪಣೆಗೆ ಕಾಯುತ್ತಿದೆ. ಬರೀ / ಹೊಡೆದು ಎಂಟರ್ ಒತ್ತಿ. ಎಲ್ಲಿಂದ ಶುರುಮಾಡಬೇಕು ಅನ್ನುವ ವಿಳಾಸ ಟೇಪಿನ ಕೊನೆಯಲ್ಲೇ ಇರುತ್ತದೆ. ಬೇರೆ ಕಡೆಯಿಂದ ಶುರುಮಾಡಬೇಕಾದರೆ ಮಾತ್ರ / ಪಕ್ಕದಲ್ಲಿ ಸಂಖ್ಯೆ ಕೊಡಬೇಕು.

ಪ್ರಶ್ನೆ: ಪ್ರಶ್ನೆ ಚಿಹ್ನೆ ಹೋಗಿ ಬರೀ * ಬಂತು!

ಉತ್ತರ: ಅದೇ ನಿಮ್ಮ ಎಡಿಟರ್. ವಾಲ್ಯೂಮ್ ಗುಂಡಿ ಈಗ ಎಲ್ಲಿದೆಯೋ ಅಲ್ಲೊಂದು ಪೆನ್ಸಿಲ್ ಗೆರೆ ಎಳೆಯಿರಿ, ಯಾರಾದರೂ ಮುಟ್ಟುವ ಮುಂಚೆ.