ಸಹಾಯ ಬೇಕು: ಎನ್‌ಜೆ 9842 ಆದ ಮೇಲೆ ಗೆರೆ ಎಲ್ಲಿಗೆ?

ಸಿಯಾಚಿನ್ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ನಕ್ಷೆ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಭಾರತ-ಪಾಕಿಸ್ತಾನದ ನಡುವಿನ 1949ರ ಕರಾಚಿ ಒಪ್ಪಂದದ ಕದನವಿರಾಮ ಗೆರೆ ಎನ್‌ಜೆ 9842 ಅನ್ನೋ ಬಿಂದುವಿನಲ್ಲಿ ನಿಲ್ಲುತ್ತದೆ. ಮುಂದಕ್ಕೆ 'ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ', ಅಷ್ಟೇ! ಈ ಮೂರು ಪದಕ್ಕೆ ಎಷ್ಟು ಜೀವ ಹೋದವು ನೋಡಿ. 1972ರ ನಿಯಂತ್ರಣ ರೇಖೆಯೂ ಅಲ್ಲೇ ನಿಂತಿತು. ಪಾಕಿಸ್ತಾನ ಅಲ್ಲಿಂದ ಕಾರಕೋರಂ ಕಣಿವೆದಾರಿಗೆ ಗೆರೆ ಎಳೆಯುತ್ತದೆ. ನಮ್ಮವರು ಸಾಲ್ಟೊರೊ ಬೆಟ್ಟಸಾಲಿನ ಏಣನ್ನು ಹಿಡಿಯುತ್ತಾರೆ. 1984ರ ಏಪ್ರಿಲ್ 13ಕ್ಕೆ ಆಪರೇಷನ್ ಮೇಘದೂತ್ ಶುರುವಾಗಿ, ನಮ್ಮ ಸೇನೆ ಬಿಲಾಫೊಂಡ್ ಲಾ, ಸಿಯಾ ಲಾ ಕಣಿವೆದಾರಿಗಳನ್ನು ಹಿಡಿಯಿತು.

ಎರಡು ಅಟ್ಲಾಸ್ ನೋಡಿದೆ, ಎರಡರಲ್ಲೂ ಬೇರೆ ಬೇರೆ. ಸೇನೆಯಲ್ಲಿದ್ದ ಮಾವನನ್ನು ಕೇಳಿದರೆ 'ನಾವು ನಿಂತದ್ದೇ ಗೆರೆ ಕಣೋ' ಅಂತಾರೆ.

1984ರ ನಂತರದ ನಕ್ಷೆಯಲ್ಲಿ ನಿಯಂತ್ರಣ ರೇಖೆಯನ್ನೇ ಮುಂದುವರಿಸಬೇಕಾ, ಇಲ್ಲ ಸೇನೆ ನಿಂತಿರುವ ಸಾಲನ್ನು ಬೇರೆ ಗುರುತಿನಲ್ಲಿ ತೋರಿಸಬೇಕಾ? ತಿಳಿದವರು ಹೇಳಿ.