ಡೇಕೇರ್‌ನ ಎಂಟು ಗಂಟೆ, ಸ್ಕೂಲಿನ ಆರು ಗಂಟೆ: ಮಗುವಿಗೆ ಎರಡೂ ಒಂದೇನಾ?

ಪ್ರಶ್ನೆ (ಒಬ್ಬ ತಾಯಿ, ಶಿವಮೊಗ್ಗ):
ನಮಸ್ತೆ ಮೇಡಂ. ಮಗಳಿಗೆ ಒಂದು ವರ್ಷ ಹತ್ತು ತಿಂಗಳು. ನಾನು ಬ್ಯಾಂಕ್ ಕೆಲಸದಲ್ಲಿದ್ದೇನೆ, ನಮ್ಮ ಮನೆಯವರು ದಿನಾ ಭದ್ರಾವತಿಗೆ ಓಡಾಡುತ್ತಾರೆ. ಜೂನ್‌ನಿಂದ ಅವಳನ್ನು ಡೇಕೇರ್‌ಗೆ ಬಿಡುತ್ತಿದ್ದೇವೆ, ಒಂಬತ್ತೂವರೆಯಿಂದ ಐದೂವರೆವರೆಗೆ. ದಿನವೆಲ್ಲ ಆಡಿಕೊಂಡಿರುತ್ತಾಳಂತೆ. ಸಂಜೆ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಜೋರಾಗಿ ಅಳುತ್ತಾಳೆ. ಅಕ್ಕನ ಮಗ ಯುಕೆಜಿ, ಅವನು ಟಾಟಾ ಮಾಡಿ ವ್ಯಾನ್ ಹತ್ತುತ್ತಾನೆ. "ಅವನೂ ಹೊರಗಿರಲ್ವಾ, ಇವಳಿಗೂ ಅಭ್ಯಾಸ ಆಗುತ್ತೆ ಬಿಡು" ಅಂತಾರೆ ನಮ್ಮತ್ತೆ. ನಿಜವಾ?

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ):
ಅಭ್ಯಾಸ ಆಗುತ್ತದೆ, ನಿಮ್ಮತ್ತೆ ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಆದರೆ ಯುಕೆಜಿ ಹುಡುಗನ ಜೊತೆ ಹೋಲಿಸಬೇಡಿ. ಅವನಿಗೆ ಗಡಿಯಾರ ನೋಡಲು ಬರದಿದ್ದರೂ ಊಟದ ಬೆಲ್ ಆಯ್ತು, ಇನ್ನು ಡ್ರಾಯಿಂಗ್, ಆಮೇಲೆ ವ್ಯಾನ್ ಅನ್ನುವ ಲೆಕ್ಕ ಗೊತ್ತು. ಬೇಜಾರಾದರೆ ಮಿಸ್ ಹತ್ತಿರ ಹೇಳಿಕೊಳ್ಳುತ್ತಾನೆ. ನಿಮ್ಮ ಮಗಳಿಗೆ "ಸಂಜೆ ಬರ್ತೀನಿ" ಅಂದರೆ ಏನೂ ಅಂದಾಜಾಗುವುದಿಲ್ಲ. ಅಮ್ಮ ಬಿಟ್ಟು ಹೋಗುವ ಭಯ ಸಾಮಾನ್ಯವಾಗಿ ಎಂಟೊಂಬತ್ತು ತಿಂಗಳಿಗೆ ಶುರುವಾಗುತ್ತದೆ. 10ರಿಂದ 18 ತಿಂಗಳಲ್ಲಿ ಜೋರಾಗಿರುತ್ತದೆ. ಮೂರು ವರ್ಷದ ಹೊತ್ತಿಗೆ ಬಹುಪಾಲು ಇಳಿಯುತ್ತದೆ.

ದೇಹದಲ್ಲೂ ವ್ಯತ್ಯಾಸ ಇದೆ. ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇದ್ದು, ಹೊತ್ತು ಏರಿದ ಹಾಗೆ ಇಳಿಯುತ್ತದೆ. ಡೇಕೇರ್ ದಿನಗಳಲ್ಲಿ ಪುಟ್ಟ ಮಕ್ಕಳಲ್ಲಿ ಅದು ಮಧ್ಯಾಹ್ನ ಏರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಸ್ಕೂಲ್ ವಯಸ್ಸಿನವರಲ್ಲಿ ಇದು ಕಡಿಮೆ. ಗಾಬರಿ ಬೇಡ. ಅಮೆರಿಕದಲ್ಲಿ 1991ರಲ್ಲಿ ಶುರುವಾಗಿ 1300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಡೇಕೇರ್‌ಗೆ ಹೋದ ಮಾತ್ರಕ್ಕೆ ತಾಯಿ-ಮಗುವಿನ ನಂಟು ಸಡಿಲವಾಗಿರಲಿಲ್ಲ.

ಸಂಜೆಯ ಅಳು ಡೇಕೇರ್ ಮೇಲಿನ ದೂರು ಅಂತ ಅಂದುಕೊಳ್ಳಬೇಡಿ. ದಿನವೆಲ್ಲ ತಡೆದಿಟ್ಟಿದ್ದು ನಿಮ್ಮ ಮುಂದೆ ಹೊರಗೆ ಬರುತ್ತದೆ. ಆಗ ಟೀಚರ್ ಜೊತೆ ಮಾತಿಗೆ ನಿಲ್ಲದೆ, ಸುಮ್ನೆ ಎತ್ತಿಕೊಂಡು ಸ್ವಲ್ಪ ಹೊತ್ತು ಕೂತುಕೊಳ್ಳಿ.

ಗಂಟೆ ಎಣಿಸುವ ಬದಲು ಒಂದು ವಿಷಯ ವಿಚಾರಿಸಿ. ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಅವಳನ್ನು ಎತ್ತಿಕೊಳ್ಳುವವರು ಯಾರು? ದಿನಾ ಅವರೇನಾ? ತಿಂಗಳಿಗೊಬ್ಬ ಆಯಾ ಬದಲಾದರೆ ಗೋಡೆ ತುಂಬ ಚಿತ್ರ ಇದ್ದೇನು ಪ್ರಯೋಜನ?

ಬೆಳಿಗ್ಗೆ ಕದ್ದು ಹೋಗಬೇಡಿ, ಹೇಳಿಯೇ ಹೊರಡಿ. "ಕತ್ತಲಾಗುವಾಗ ಬರ್ತೀನಿ" ಅನ್ನಬೇಡಿ. ಆಷಾಢದ ಮಳೆಗೆ ನಮ್ಮ ಕಡೆ ಮೂರು ಗಂಟೆಗೇ ಲೈಟ್ ಹಾಕಬೇಕು, ಮಗು ಆಗಲೇ ಬಾಗಿಲು ನೋಡಲು ಶುರು ಮಾಡುತ್ತದೆ. "ತಾಚಿ ಮಾಡಿ ಎದ್ದು, ಹಾಲು ಕುಡಿದ ಮೇಲೆ ಅಮ್ಮ ಬರ್ತಾಳೆ" ಅನ್ನಿ.

ಇನ್ನೊಂದು ಪ್ರಶ್ನೆ (ಒಬ್ಬ ತಂದೆ, ತೀರ್ಥಹಳ್ಳಿ):
ಮಗನಿಗೆ ಮೂರು ತುಂಬುತ್ತಿದೆ. ಡೇಕೇರ್ ಬಿಡಿಸಿ ನರ್ಸರಿಗೆ ಹಾಕಿದರೆ ಬೇಗ ಗಟ್ಟಿಯಾಗ್ತಾನಾ? ಮಳೆ ರಜೆ ಬಂದರೆ ಅಜ್ಜಿ ಮನೆಗೆ ಹೋಗ್ತಾನೆ, ವಾಪಸ್ ಬಂದ ಮೇಲೆ ಮತ್ತೆ ಅಳು.

ಉತ್ತರ:
ಗಟ್ಟಿ ಮಾಡುವ ಅವಸರ ಯಾಕೆ ಸರ್? ಒಂದನೇ ಕ್ಲಾಸಿಗೆ ಆರು ವರ್ಷ ಅಂತ 2020ರ ಶಿಕ್ಷಣ ನೀತಿಯೇ ಹೇಳುತ್ತದೆ. ಒಬ್ಬ ಮಿಸ್‌ಗೆ ಮೂವತ್ತು ಮಕ್ಕಳಿರುವ ನರ್ಸರಿಗಿಂತ, ಪರಿಚಯದ ಆಂಟಿ ಇರುವ ಡೇಕೇರ್ ವಾಸಿ. ಹತ್ತಿರದ ಅಂಗನವಾಡಿಯನ್ನೂ ನೋಡಿ, ಅಲ್ಲಿನ ಶಾಲಾಪೂರ್ವ ಕಲಿಕೆ 3ರಿಂದ 6 ವರ್ಷದವರಿಗೇ ಇರುವುದು. ರಜೆ ಆದ ಮೇಲಿನ ಅಳು ಸಹಜ. ಊಟ, ನಿದ್ದೆ, ಆಟ ಮೂರೂ ವಾರಗಟ್ಟಲೆ ಕೆಟ್ಟರೆ ಮಾತ್ರ ವೈದ್ಯರಿಗೆ ತೋರಿಸಿ.

ಮೊದಲ ತಾಯಿ:
ವಿಚಾರಿಸಿದೆ ಮೇಡಂ. ಇಬ್ಬರು ಆಯಾ ಇದ್ದಾರೆ, ಪಾಳಿ ಮೇಲೆ.

ಉತ್ತರ:
ಇಬ್ಬರಾದರೆ ಏನೂ ತೊಂದರೆ ಇಲ್ಲ, ಅದೇ ಇಬ್ಬರು ಇರಲಿ. ಇವತ್ತು ಯಾರ ಪಾಳಿ ಅಂತ ಕೇಳಿಕೊಂಡು, ದಾರಿಯಲ್ಲೇ ಅವಳಿಗೆ ಅವರ ಹೆಸರು ಹೇಳಿ.